ಪೆಟ್ಟಿಗೆ ಬಂತು, ಪಾಠ ಬರಲಿಲ್ಲ

(ಉಪ್ಸಾಲಾದಲ್ಲಿ ನಡೆದ ನಮ್ಮ ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣದ ಬರಹರೂಪ)





ಶಾಲೆ ಮತ್ತು ವಿಶ್ವವಿದ್ಯಾಲಯಗಳಲ್ಲಿ ಗಣಕ ವಿಜ್ಞಾನದ ಶಿಕ್ಷಣ ಹೇಗೆ ಬೆಳೆಯಬೇಕು ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ಕಾರ್ಯಕಾರಿ ಸಮಿತಿಯವರು ನಮಗೆ ಅಪ್ಪಣೆ ಮಾಡಿದ್ದಾರೆ. ಭಾನುವಾರದ ಕನ್ನಡ ತರಗತಿ ನಡೆಸುವ ನಮಗೂ ಈ ವಿಷಯಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಈ ಸಭಾಂಗಣದಲ್ಲಿ ಗಣಕಯಂತ್ರದಿಂದಲೇ ಅನ್ನ ಕಾಣುವವರು ಅರ್ಧಕ್ಕಿಂತ ಹೆಚ್ಚಿದ್ದೀರಿ. ನಿಮ್ಮ ಮುಂದೆ ನಾವು ಗಣಕದ ಮಾತೆತ್ತುವುದು ಅಕ್ಕಸಾಲಿಗನ ಮುಂದೆ ಚಿನ್ನದ ಗುಣ ಹೇಳಿದ ಹಾಗೆ. ಆದರೂ ಒಪ್ಪಿಕೊಂಡೆವು. ಈ ದಿನದ ನೆನಪಿಗೆ ತಾಯ್ನಾಡಿನ ಒಂದು ಸರ್ಕಾರಿ ಶಾಲೆಗೆ ಗಣಕಗಳನ್ನು ಕೊಡಿಸೋಣ ಎಂಬ ಸಲಹೆ ಸಮಿತಿಯ ಮುಂದಿದೆ. ಸದುದ್ದೇಶದ ಸಲಹೆಯೇ. ಆದರೆ ಇದೇ ಕೆಲಸವನ್ನು ನಾವು ಒಮ್ಮೆ ಮಾಡಿ ಕೈಸುಟ್ಟುಕೊಂಡಿದ್ದೇವೆ. ಅದನ್ನು ಹೇಳದೆ ಸುಮ್ಮನೆ ಚಪ್ಪಾಳೆ ತಟ್ಟಿ ಕೂತರೆ ತಪ್ಪಾಗುತ್ತದೆ.

2012ರಲ್ಲಿ ನಾವು ಕೆಲವು ಕುಟುಂಬದವರು ಸೇರಿ, ದೀಪಾವಳಿ ಊಟದ ಟಿಕೆಟ್ಟಿನಲ್ಲಿ ಉಳಿದ ಹಣಕ್ಕೆ ಕೈಯಿಂದಲೂ ಒಂದಿಷ್ಟು ಹಾಕಿ, ಊರ ಕಡೆಯ ಒಂದು ಪ್ರೌಢಶಾಲೆಗೆ ಆರು ಗಣಕಗಳನ್ನು ಕೊಡಿಸಿದೆವು. ಶಾಲೆಯ ಹೆಸರು ಬೇಡ, ತಪ್ಪು ಅವರದಲ್ಲ. ಉದ್ಘಾಟನೆಯ ಫೋಟೋ ಬಂತು. ಹಾರ, ಟೇಪು, ಕತ್ತರಿ, ಊರ ಹಿರಿಯರು ಎಲ್ಲರೂ ಅದರಲ್ಲಿದ್ದರು. 2014ರ ಜುಲೈನಲ್ಲಿ ಊರಿಗೆ ಹೋದಾಗ ನೋಡಿ ಬರೋಣವೆಂದು ಹೋದೆವು. ಕೋಣೆಗೆ ಬೀಗ. ಒಳಗೆ ಆರೂ ಗಣಕಗಳು ಹೊಲಿಸಿದ ಬಟ್ಟೆಯ ಗವಸು ಹೊದ್ದು ಸಾಲಾಗಿ ಕೂತಿದ್ದವು. ಗವಸು ತೆಗೆದರೆ ಪರದೆಯ ಅಂಚಿನಲ್ಲಿ ಹಿಂದಿನ ಆಯುಧಪೂಜೆಯ ಕುಂಕುಮ. ಮುಖ್ಯೋಪಾಧ್ಯಾಯರು ಬಹಳ ಸಂಕೋಚದಿಂದ ಹೇಳಿದರು: "ಕಲಿಸೋ ಮೇಷ್ಟ್ರು ಗುತ್ತಿಗೆ ಮೇಲೆ ಇದ್ದರು ಸಾರ್, ಅವರ ಅವಧಿ ಮುಗೀತು. ಮಕ್ಕಳು ಮುಟ್ಟಿ ಏನಾದರೂ ಕೆಟ್ಟುಹೋದರೆ ಕೊಟ್ಟವರಿಗೆ ಏನು ಹೇಳೋದು ಅಂತ ಜೋಪಾನವಾಗಿ ಇಟ್ಟಿದ್ದೀವಿ."

ನಮಗೋಸ್ಕರ ಜೋಪಾನ ಮಾಡಿದ್ದರು! ಅಷ್ಟರಲ್ಲಿ ಬಾಗಿಲ ಬಳಿ ಇಣುಕುತ್ತಿದ್ದ ಹುಡುಗಿಯೊಬ್ಬಳು, ಒಂಬತ್ತನೆಯ ತರಗತಿಯವಳಿರಬೇಕು, ಕೇಳಿದಳು: "ಇದರಲ್ಲಿ ಏನು ಕಲೀತಾರೆ ಮೇಡಂ?" ಉತ್ತರ ಹೇಳಲು ಬಾಯಿ ತೆರೆದೆವು. ಪ್ರೋಗ್ರಾಂ, ಡೇಟಾ, ಲಾಜಿಕ್ ಎಂದು ಮೂರು ಶಬ್ದ ಹೊರಬಂದವು, ಮುಂದೆ ಹೋಗಲಿಲ್ಲ. ನಮ್ಮಲ್ಲಿ ಇಬ್ಬರಿಗೆ ಇಪ್ಪತ್ತು ವರ್ಷಗಳ ಅನುಭವ. ಆದರೂ ಆ ಮಗುವಿಗೆ ಅದರದೇ ಮಾತಿನಲ್ಲಿ ನೆಟ್ಟಗೆ ಎರಡು ವಾಕ್ಯ ಹೇಳಲು ಬರಲಿಲ್ಲ. ಇವತ್ತಿನ ಮಾತೆಲ್ಲ ಆ ಪ್ರಶ್ನೆಯ ಸುತ್ತಲೇ.

ಪೆಟ್ಟಿಗೆ ಕೊಟ್ಟು ಪಾಠ ಮರೆತವರು ನಾವು ಮಾತ್ರವೇ ಎಂದುಕೊಂಡರೆ ಹಾಗಲ್ಲ. ನಾವು ಬಂದು ನೆಲೆಸಿರುವ ಈ ಶ್ರೀಮಂತ ದೇಶವೂ ಅದೇ ಹಳ್ಳಕ್ಕೆ ಬಿದ್ದು ಎದ್ದಿದೆ. ಸ್ವೀಡನ್ನಿನ 1980ರ ಶಾಲಾ ಪಠ್ಯಕ್ರಮದಲ್ಲೇ ಗಣಕದ ಅರಿವಿಗೆ ಜಾಗವಿತ್ತು. ಆ ದಶಕದ ಮಧ್ಯದಲ್ಲಿ ಶಾಲೆಗಳಿಗೆಂದೇ 'ಕಾಂಪಿಸ್' ಎಂಬ ಗಣಕವನ್ನು ಇಲ್ಲೇ ತಯಾರಿಸಿದರು. 'ಕಂಪ್ಯೂಟರ್ ಇನ್ ಸ್ಕೂಲ್' ಎಂಬುದರ ಗಿಡ್ಡ ರೂಪ ಅದು. ಉಚ್ಚಾರದಲ್ಲಿ, ಸ್ನೇಹಿತನಿಗೆ ಸ್ವೀಡಿಷ್‌ನಲ್ಲಿ ಹೇಳುವ ಶಬ್ದವೂ ಹೌದು. ಹೆಸರೇನೋ ಚೆನ್ನಾಗಿತ್ತು. ಅಷ್ಟರಲ್ಲಿ ಐಬಿಎಂ ಮಾದರಿಯ ಗಣಕಗಳು ಲೋಕವನ್ನೆಲ್ಲ ಆವರಿಸಿದವು. 1988ರ ಹೊತ್ತಿಗೆ ಈ ಸ್ನೇಹಿತನ ಕಥೆ ಮುಗಿಯಿತು. ನಮ್ಮ ದೇಶದಲ್ಲೂ 1984ರಲ್ಲಿ 'ಕ್ಲಾಸ್' ಎಂಬ ಯೋಜನೆಯಲ್ಲಿ ಬ್ರಿಟನ್ನಿನ ಬಿಬಿಸಿ ಮೈಕ್ರೋ ಗಣಕಗಳನ್ನು ತರಿಸಿ ಮೊದಲಿಗೆ ಸುಮಾರು 250 ಶಾಲೆಗಳಿಗೆ ಹಂಚಿದ್ದರು. ಇವೆಲ್ಲಕ್ಕೂ ಒಂದೇ ಸ್ವಭಾವ. ಯಂತ್ರಕ್ಕೆ ಐದು ವರ್ಷದಲ್ಲಿ ಮುಪ್ಪು ಬರುತ್ತದೆ, ಉಪಾಧ್ಯಾಯ ತಯಾರಾಗಲು ಅದಕ್ಕಿಂತ ಹೆಚ್ಚು ಕಾಲ ಬೇಕು.

ಸ್ವೀಡನ್ನಿನವರು ಎರಡನೆಯ ಸಲ ಬೇರೆ ದಾರಿ ಹಿಡಿದರು. 2017ರ ಮಾರ್ಚಿಯಲ್ಲಿ ಸರ್ಕಾರ ತೀರ್ಮಾನಿಸಿ, 2018ರ ಜುಲೈ 1ರಿಂದ ಕ್ರಮವಿಧಿ ರಚನೆಯನ್ನು, ಎಂದರೆ ಪ್ರೋಗ್ರಾಮಿಂಗನ್ನು, ಎಲ್ಲ ಮಕ್ಕಳಿಗೂ ಕಡ್ಡಾಯ ಮಾಡಿತು. ಅದಕ್ಕೆ ಹೊಸ ಪೀರಿಯಡ್ಡು ಕೊಡಲಿಲ್ಲ. ಗಣಿತದ ಬೀಜಗಣಿತ ಭಾಗದಲ್ಲೂ ತಂತ್ರಜ್ಞಾನದ ಪಾಠದಲ್ಲೂ ಸೇರಿಸಿದರು. ಒಂದರಿಂದ ಮೂರನೆಯ ತರಗತಿಯವರೆಗೆ ಗಣಕ ಮುಟ್ಟಲೇಬೇಕೆಂದಿಲ್ಲ. ಅಡ್ಡ ಅರ್ಥಕ್ಕೆ ಎಡೆಯಿಲ್ಲದಂತೆ ಹಂತ ಹಂತವಾಗಿ ಸೂಚನೆ ಹೇಳುವುದನ್ನು ಕಲಿತರೆ ಸಾಕು. ನಾಲ್ಕರಿಂದ ಆರರವರೆಗೆ ಚಿತ್ರದ ತುಂಡುಗಳನ್ನು ಜೋಡಿಸಿ ಕ್ರಮವಿಧಿ ಮಾಡುವುದು, ಆಮೇಲೆ ಅಕ್ಷರದಲ್ಲಿ ಬರೆಯುವುದು. ಗಣಿತದ ಮೇಷ್ಟ್ರುಗಳಿಗೆ ಮೊದಮೊದಲು ಕಷ್ಟವಾಯಿತು. ಎಷ್ಟೋ ಮಂದಿ ತಾವೇ ಕಲಿಯದಿದ್ದುದನ್ನು ಕಲಿಸಬೇಕಾಯಿತು. ಶಾಲಾ ಇಲಾಖೆ ಅವರಿಗಾಗಿ ತರಬೇತಿ ನಡೆಸಬೇಕಾಯಿತು. 2023ರ ಸುಮಾರಿಗೆ, ಶಾಲೆಗಳಲ್ಲಿ ಪರದೆ ಹೆಚ್ಚಾಯಿತು, ಪುಸ್ತಕ ಮತ್ತು ಕೈಬರಹ ಹಿಂದಕ್ಕೆ ಬರಲಿ ಎಂದು ಸರ್ಕಾರ ಹೊರಳಿತು. ಆ ಹೊರಳುವಿಕೆಯಲ್ಲೂ ಕ್ರಮವಿಧಿಯ ಪಾಠ ಉಳಿಯಿತು. ಪರದೆ ಬೇರೆ, ಗಣಕ ವಿಜ್ಞಾನ ಬೇರೆ ಎಂಬುದು ಅವರಿಗೆ ಅರ್ಥವಾಗಿತ್ತು ಎಂದೇ ನಮ್ಮ ಭಾವನೆ.

ಈಗ ನಮ್ಮ ಭಾನುವಾರದ ತರಗತಿಗೆ ಬನ್ನಿ. ಕಳೆದ ಸಲ ಊರಿನಿಂದ ಬಂದಿದ್ದ ಅಜ್ಜಿಯೊಬ್ಬರು ಮೊಮ್ಮಗಳ ಜೊತೆ ಬಂದು ಹಿಂದೆ ಕೂತಿದ್ದರು. "ಸ್ಕೂಲಲ್ಲಿ ಏನು ಹೇಳಿಕೊಟ್ಟರು ಪುಟ್ಟಿ?" ಎಂದು ಕೇಳಿದರು. ಪುಟ್ಟಿ ಸ್ವೀಡಿಷ್‌ನಲ್ಲಿ ಪಟಪಟ ಹೇಳಿದಳು. ಸೂಚನೆ, ಪುನರಾವರ್ತನೆ, ಎಲ್ಲಿ ನಿಲ್ಲಿಸಬೇಕೆಂಬ ಷರತ್ತು, ಎಲ್ಲ. ಅದನ್ನೇ ಕನ್ನಡದಲ್ಲಿ ಹೇಳೆಂದರೆ "ಅದು... ಅದು..." ಎಂದು ಅಮ್ಮನ ಮುಖ ನೋಡಿದಳು. ಅಮ್ಮನಿಗೂ ಗೊತ್ತಾಗಲಿಲ್ಲ. ಅಮ್ಮ ದೊಡ್ಡ ಕಂಪನಿಯಲ್ಲಿ ಇದೇ ಕೆಲಸ ಮಾಡುವವರು. ಅಜ್ಜಿ ನಕ್ಕು, "ಹೋಗಲಿ ಬಿಡು, ಒಂದು ಚಾಕ್‌ಪೀಸು ಕೊಡು" ಎಂದರು.

ಕಪ್ಪು ಹಲಗೆಯ ಮೇಲೆ ಅಜ್ಜಿ ಹೇಳುತ್ತಾ ಹೋದರು, ಮೊಮ್ಮಗಳು ಇಡುತ್ತಾ ಹೋದಳು: "ಹನ್ನೊಂದು ಚುಕ್ಕಿ. ಮುಂದಿನ ಸಾಲು ಸಂದು ಚುಕ್ಕಿ, ಒಂದು ಕಮ್ಮಿ. ಮೇಲೂ ಹಾಗೆ, ಕೆಳಗೂ ಹಾಗೆ. ಆರು ಬರೋವರೆಗೆ." ಅಷ್ಟೇ. ನಾಲ್ಕು ಮಾತಿಗೆ ಹಲಗೆ ತುಂಬ ತೊಂಬತ್ತೊಂದು ಚುಕ್ಕಿ ಬಂದು ಕೂತವು. ಎಣಿಸಿ ನೋಡಿ: ನಡುವೆ ಹನ್ನೊಂದು, ಮೇಲೆ ಹತ್ತರಿಂದ ಆರರವರೆಗೆ ನಲವತ್ತು, ಕೆಳಗೆ ನಲವತ್ತು. ಎಲ್ಲಿ ಆರಂಭ, ಪ್ರತಿ ಸಲ ಏನು ಬದಲಾಗಬೇಕು, ಎಲ್ಲಿ ನಿಲ್ಲಬೇಕು, ಮೂರೂ ಆ ಅಜ್ಜಿಯ ಮಾತಿನಲ್ಲಿದ್ದವು. ಪುಟ್ಟಿ ಕಣ್ಣರಳಿಸಿ, "ಅಜ್ಜಿ, ಇದೇ ನಮ್ಮ ಸ್ಕೂಲಲ್ಲಿ ಹೇಳಿದ್ದು!" ಎಂದಳು. "ಇಷ್ಟಕ್ಕೆ ಸ್ಕೂಲು ಬೇಕಾ?" ಎಂದರು ಅಜ್ಜಿ.

ಇದನ್ನು ತಮಾಷೆಗೆ ಹೇಳುತ್ತಿಲ್ಲ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ ಅವರು ತಮಿಳು ಮನೆಗಳ ಕೋಲಂ ರಂಗೋಲಿಯನ್ನು ಇಟ್ಟುಕೊಂಡು ಗಣಕ ಭಾಷೆಗಳ ವ್ಯಾಕರಣದ ಮೇಲೆ 1974ರಲ್ಲೇ ಪ್ರಬಂಧ ಪ್ರಕಟಿಸಿದರು. ಹೊಸಲಿನ ಮುಂದಿನ ರಂಗೋಲಿ ಗಣಕ ವಿಜ್ಞಾನದ ವಿದ್ವತ್ಪತ್ರಿಕೆಗೆ ಹೋಯಿತು. ನಮ್ಮ ಬಾಗಿಲಲ್ಲಿದ್ದುದನ್ನು ನಾವು ತುಳಿದುಕೊಂಡು ಓಡಾಡಿದೆವು, ಅಷ್ಟೇ.

ಇನ್ನೊಂದು ಉದಾಹರಣೆ ಕೊಡುತ್ತೇವೆ. ಇಲ್ಲಿರುವ ಹಿರಿಯರಿಗೆಲ್ಲ ಪ್ರೌಢಶಾಲೆಯ ಕನ್ನಡ ಪರೀಕ್ಷೆಯ ಕೊನೆಯ ಪ್ರಶ್ನೆ ನೆನಪಿರಬಹುದು. ಪ್ರಸ್ತಾರ ಹಾಕಿ, ಗಣ ವಿಭಾಗ ಮಾಡಿ, ಛಂದಸ್ಸಿನ ಹೆಸರು ಹೇಳಿ! ಲಘು, ಗುರು ಎರಡೇ ಗುರುತು. ಮೂರು ಅಕ್ಷರದ ಗಣಗಳು ಎಂಟೇ ಎಂಟು, ಏಕೆಂದರೆ ಎರಡನ್ನು ಮೂರು ಸಲ ಗುಣಿಸಿದರೆ ಎಂಟು. ಸೊನ್ನೆ ಒಂದುಗಳ ಗಣಕ ಲೆಕ್ಕವೂ ಇದೇ ತಾನೆ? ಗಣಗಳನ್ನು ನೆನಪಿಡಲು ಮೇಷ್ಟ್ರು ಬಾಯಿಪಾಠ ಮಾಡಿಸಿದ 'ಯಮಾತಾರಾಜಭಾನಸಲಗಂ' ಎಂಬ ಹತ್ತಕ್ಷರದ ಸೂತ್ರವನ್ನು ತೆಗೆದುಕೊಳ್ಳಿ. 'ಯಮಾತಾ' ಎಂದರೆ ಯಗಣ, ಒಂದಕ್ಷರ ಮುಂದೆ ಸರಿದು 'ಮಾತಾರಾ' ಎಂದರೆ ಮಗಣ, ಹೀಗೆ ಒಂದೊಂದೇ ಅಕ್ಷರ ಸರಿಯುತ್ತಾ ಹೋದರೆ ಎಂಟೂ ಗಣಗಳು, ಒಂದೂ ತಪ್ಪದೆ, ಒಂದೂ ಎರಡು ಸಲ ಬರದೆ, ಸಿಗುತ್ತವೆ. ಬಿಡಿಬಿಡಿಯಾಗಿ ಬರೆದಿದ್ದರೆ ಇಪ್ಪತ್ತನಾಲ್ಕು ಅಕ್ಷರ ಬೇಕಾಗಿತ್ತು. ಈ ಬಗೆಯ ಸರಣಿಗೆ ಇಂದಿನ ಗಣಿತದಲ್ಲಿ ಡಿ ಬ್ರೂಯ್ನ್ ಎಂಬ ಡಚ್ ಗಣಿತಜ್ಞರ ಹೆಸರಿದೆ. ಗಣಕ ವಿಜ್ಞಾನದ ದೊಡ್ಡ ಗುರು ಡೊನಾಲ್ಡ್ ಕ್ನೂತ್ ತಮ್ಮ ಗ್ರಂಥಮಾಲೆಯಲ್ಲಿ ಭಾರತದ ಛಂದಶ್ಶಾಸ್ತ್ರದ ಎಣಿಕೆಗಳಿಗೆ ಜಾಗ ಕೊಟ್ಟಿದ್ದಾರೆ. ಎಲ್ಲವೂ ನಮ್ಮ ಪೂರ್ವಜರಿಗೆ ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳಲು ಇದನ್ನು ಹೇಳುತ್ತಿಲ್ಲ. ನಾಗವರ್ಮ ಛಂದೋಂಬುಧಿ ಬರೆದಾಗ ಗಣಕದ ಕನಸು ಕಂಡಿರಲಿಲ್ಲ. ಕನ್ನಡ ಮೇಷ್ಟ್ರೂ ಗಣಿತದ ಮೇಷ್ಟ್ರೂ ಒಂದು ಮಧ್ಯಾಹ್ನ ಒಟ್ಟಿಗೆ ಕೂತರೆ ಎಂಥ ಪಾಠ ಹುಟ್ಟಬಹುದು ಎಂಬುದಷ್ಟೇ ನಮ್ಮ ಮಾತು.

ಆದರೆ ಪಾಠಕ್ಕೆ ಮಾತು ಬೇಕಲ್ಲ. ಸ್ವೀಡಿಷ್ ಜನ ಗಣಕಕ್ಕೆ ಮೊದಲು 'ದಾತಮಷೀನ್' ಎನ್ನುತ್ತಿದ್ದರು. 1968ರಲ್ಲಿ ಪ್ರಾಧ್ಯಾಪಕ ಬೋರ್ಯೆ ಲಾಂಗೆಫೋರ್ಸ್ 'ದಾತೋರ್' ಎಂಬ ಪುಟ್ಟ ಶಬ್ದವನ್ನು ಮುಂದಿಟ್ಟರು. ಟ್ರ್ಯಾಕ್ಟರ್ ಎಂಬುದರ ಅಚ್ಚಿನಲ್ಲಿ ಹೊಯ್ದ ಶಬ್ದ. ಇವತ್ತು ಬೀದಿಯ ಮುದುಕಿಯೂ ಅದನ್ನೇ ಅನ್ನುತ್ತಾಳೆ. ಒಂದು ಕೋಟಿಯಷ್ಟು ಜನರ ಭಾಷೆ! ಕನ್ನಡ ಆಡುವವರು ಅದರ ನಾಲ್ಕು ಪಟ್ಟು. ನಮ್ಮಲ್ಲೂ ಗಣಕ, ತಂತ್ರಾಂಶ, ಯಂತ್ರಾಂಶ, ದತ್ತಾಂಶ, ಕ್ರಮವಿಧಿ ಎಂಬ ಶಬ್ದಗಳಿಲ್ಲದೆ ಇಲ್ಲ. ಆದರೆ ಅವು ನಿಘಂಟಿನಲ್ಲೂ ಸ್ಮರಣ ಸಂಚಿಕೆಯಲ್ಲೂ ಇವೆ, ತರಗತಿಯಲ್ಲಿ ಇಲ್ಲ. ಶಬ್ದ ಬದುಕುವುದು ಮಕ್ಕಳ ಬಾಯಲ್ಲಿ. ಕಂಪ್ಯೂಟರ್ ಎಂದೇ ಅನ್ನಲಿ, ನಮಗೆ ಹಟವಿಲ್ಲ. ವಿವರಣೆ ಕನ್ನಡದಲ್ಲಿರಲಿ.

ಉಪಕರಣದ ಕೊರತೆ ಈಗ ನೆಪವಲ್ಲ. ಕೆ. ಪಿ. ರಾಯರ ಕೀಲಿಮಣೆ, 1998ರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ', ಇವುಗಳಿಂದ ಕನ್ನಡ ಬರೆಯುವ ಕಷ್ಟ ಎಂದೋ ನೀಗಿತು. ಡಾ. ಯು. ಬಿ. ಪವನಜರು ಮಕ್ಕಳ ಲೋಗೋ ಭಾಷೆಯನ್ನೇ ಕನ್ನಡಕ್ಕೆ ತಂದರು. ಆಮೆಗೆ ಕನ್ನಡದಲ್ಲಿ ಅಪ್ಪಣೆ ಕೊಟ್ಟರೆ ಅದು ಕೇಳುತ್ತದೆ. 2008ರಲ್ಲಿ ಬಂದ ಪೈಥಾನ್ 3ರಲ್ಲಿ 'ಮೊತ್ತ', 'ಅಂಕಗಳು' ಎಂದು ಚಲಕಗಳಿಗೆ ಕನ್ನಡದ ಹೆಸರಿಡಬಹುದು. ನಮ್ಮ ತರಗತಿಯಲ್ಲಿ ಇಟ್ಟೂ ನೋಡಿದ್ದೇವೆ. ಓಡುತ್ತದೆ.

ಕರ್ನಾಟಕ ಸರ್ಕಾರ ಕೈಕಟ್ಟಿ ಕೂತಿತ್ತು ಎಂದರೆ ಅನ್ಯಾಯವಾಗುತ್ತದೆ. 2001ರ ಸುಮಾರಿಗೆ 'ಮಾಹಿತಿ ಸಿಂಧು' ಯೋಜನೆಯಲ್ಲಿ ಸುಮಾರು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕ ಕೊಟ್ಟರು. ಯಂತ್ರವೂ ಬೋಧಕರೂ ಗುತ್ತಿಗೆಯ ಮೂಲಕ ಬಂದರು. ಶಾಲೆಯ ಕಾಯಂ ಮೇಷ್ಟ್ರುಗಳಿಗೆ ಅದು ತಮ್ಮ ಪಾಠ ಎನಿಸಲಿಲ್ಲ. ಗುತ್ತಿಗೆ ಮುಗಿದಾಗ ಕಲಿಸುವ ಕೈಯೂ ಹೋಯಿತು. ನಮ್ಮ ಆರು ಗಣಕಗಳ ಕಥೆಯೇ, ದೊಡ್ಡ ಪ್ರಮಾಣದಲ್ಲಿ.

ಅದೇ ಹೊತ್ತಿನಲ್ಲಿ, 2001ರಲ್ಲೇ, ಪಕ್ಕದ ಕೇರಳದಲ್ಲಿ 'ಐಟಿ ಅಟ್ ಸ್ಕೂಲ್' ಶುರುವಾಯಿತು. ಅವರು ಹೊರಗಿನವರನ್ನು ಕರೆಯಲಿಲ್ಲ. ಇದ್ದ ಗಣಿತ, ವಿಜ್ಞಾನ, ಭಾಷೆಯ ಮೇಷ್ಟ್ರುಗಳಿಗೇ ತರಬೇತಿ ಕೊಟ್ಟರು. ಕಾಸು ಕೊಡದೆ ಬಳಸಬಹುದಾದ ಮುಕ್ತ ತಂತ್ರಾಂಶವನ್ನು ತಮಗೆ ಬೇಕಾದಂತೆ ತಿದ್ದಿಕೊಂಡರು. ಪಠ್ಯಪುಸ್ತಕ ಬರೆದರು, ಪರೀಕ್ಷೆ ಇಟ್ಟರು. 2017ರಲ್ಲಿ ಈ ಯೋಜನೆ 'ಕೈಟ್' ಎಂಬ ಸಂಸ್ಥೆಯಾಯಿತು. 2024ರಲ್ಲಿ ಏಳನೆಯ ತರಗತಿಯ ಪುಸ್ತಕಕ್ಕೆ ಕೃತಕ ಬುದ್ಧಿಮತ್ತೆಯ ಪಾಠವೂ ಬಂತು. ಕನ್ನಡಿಗರಾದ ನಾವು ಕಿವಿ ನಿಮಿರಿಸಿ ಕೇಳಬೇಕಾದ ಸಂಗತಿ ಇನ್ನೊಂದಿದೆ: ಆ ಪುಸ್ತಕಗಳು ಮಲಯಾಳಂ, ಇಂಗ್ಲಿಷ್‌ಗಳ ಜೊತೆಗೆ ತಮಿಳಿನಲ್ಲೂ ಕನ್ನಡದಲ್ಲೂ ಅಚ್ಚಾಗುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ! 1956ರಲ್ಲಿ ಕೇರಳಕ್ಕೆ ಸೇರಿಹೋಯಿತೆಂದು ನಾವು ಇಂದಿಗೂ ನಿಟ್ಟುಸಿರು ಬಿಡುವ ಕಾಸರಗೋಡು. ಅಲ್ಲಿನ ಕನ್ನಡಿಗರ ಅಳಲು ಸುಳ್ಳಲ್ಲ. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಶಾಲೆಗೆ ಹಾಕಿದರೆಂದು ಅವರು ಬೀದಿಗಿಳಿದದ್ದೂ ಉಂಟು. ಅದೆಲ್ಲ ಇದ್ದೂ, ಗಣಕ ಪಾಠದ ಕನ್ನಡ ಪುಸ್ತಕ ಕೈಯಲ್ಲಿ ಹಿಡಿದ ಮಗು ಅಲ್ಲಿದೆ.

ವಿಶ್ವವಿದ್ಯಾಲಯದ ವಿಚಾರ ಚಿಕ್ಕದಾಗಿ ಹೇಳಿ ಮುಗಿಸುತ್ತೇವೆ. ಅದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಬಂತು. ಅಲ್ಲಿ ಪಾಠ ಶುರು ಮಾಡಿದವರಲ್ಲಿ ಪ್ರೊ. ವಿ. ರಾಜಾರಾಮನ್ ಮುಖ್ಯರು. ಒಂದೇ ಯಂತ್ರ, ಆದರೆ ಅವರು ವಿದ್ಯಾರ್ಥಿಗಳಿಗೆ ಎಟುಕುವ ಬೆಲೆಯ ಪಠ್ಯಪುಸ್ತಕಗಳನ್ನು ಬರೆದರು. ಮೈಸೂರಿನಲ್ಲಿ ಓದಿದ ನಾರಾಯಣಮೂರ್ತಿಯವರೂ 1969ರಲ್ಲಿ ಅಲ್ಲಿಂದಲೇ ಸ್ನಾತಕೋತ್ತರ ಪದವಿ ಪಡೆದರು. 1982ರಿಂದ ರಾಜಾರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ನಮ್ಮಲ್ಲಿ ಎಷ್ಟು ಮಂದಿ ಅವರ ಪುಸ್ತಕದಿಂದ ಫೋರ್ಟ್ರಾನ್ ಕಲಿತಿಲ್ಲ? ಕೈ ಎತ್ತಿ ಎಂದರೆ ಮುಂದಿನ ಮೂರು ಸಾಲೂ ಎತ್ತೀತು. ಇವತ್ತು ಸೀಟಿಗೆ ಬರವಿಲ್ಲ. 2024-25ರಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ ಉತ್ತಮ ಕಾಲೇಜುಗಳಿಗೆ ಸೀಟುಗಳ ಮಿತಿಯನ್ನು ತೆಗೆದುಹಾಕಿತು. ಬೆಂಗಳೂರಿನ ಖಾಸಗಿ ಕಾಲೇಜುಗಳಲ್ಲಿ ಗಣಕ ವಿಜ್ಞಾನದ ಸೀಟು ಏರಿದವು, ಸಿವಿಲ್ ಮೆಕ್ಯಾನಿಕಲ್ ಸೊರಗಿದವು. ಅಷ್ಟು ಮಕ್ಕಳಿಗೆ ಪಾಠ ಹೇಳುವ ಗುರುಗಳು ಎಲ್ಲಿಂದ ಬರಬೇಕು? ಚೆನ್ನಾಗಿ ಓದಿದವರು ಕಂಪನಿಗೋ ನಮ್ಮ ಹಾಗೆ ಹೊರದೇಶಕ್ಕೋ ಹೋದ ಮೇಲೆ? ಈ ಪ್ರಶ್ನೆ ಕೇಳುವಾಗ ನಮ್ಮ ಮುಖವನ್ನು ನಾವೇ ಕನ್ನಡಿಯಲ್ಲಿ ನೋಡಿಕೊಳ್ಳಬೇಕಾಗುತ್ತದೆ.

2021ರಲ್ಲಿ ಕನ್ನಡದಲ್ಲೇ ಎಂಜಿನಿಯರಿಂಗ್ ಕಲಿಸಲು ಅನುಮತಿ ಬಂತು, ಕೆಲವು ಕಾಲೇಜುಗಳು ಮುಂದೆ ಬಂದವು, ವಿದ್ಯಾರ್ಥಿಗಳು ಮುಂದೆ ಬರಲಿಲ್ಲ. ಅವರನ್ನು ದೂರುವಂತಿಲ್ಲ. ಕೆಳಗಿನ ಮೆಟ್ಟಿಲಿಲ್ಲದೆ ಮಹಡಿಯ ಬಾಗಿಲು ತೆರೆದಿಟ್ಟರೆ ಯಾರು ಹತ್ತುತ್ತಾರೆ? ಇಲ್ಲಿ, 1477ರಲ್ಲಿ ಹುಟ್ಟಿದ ಈ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ, ಸ್ನಾತಕ ಹಂತದ ಗಣಕ ಪಾಠ ಬಹುಪಾಲು ಸ್ವೀಡಿಷ್‌ನಲ್ಲಿ, ಸ್ನಾತಕೋತ್ತರ ಇಂಗ್ಲಿಷ್‌ನಲ್ಲಿ ನಡೆಯುತ್ತದೆ. ತಾಯ್ನುಡಿಯಲ್ಲಿ ಕಲಿತು ಬಂದವರೇ ಲೋಕ ಬಳಸುವ ಸಾಧನ ಮಾಡಿದ್ದಾರೆ. ಉಪ್ಸಾಲಾ ಮತ್ತು ಡೆನ್ಮಾರ್ಕಿನ ಆಲ್ಬೋರ್ ವಿಶ್ವವಿದ್ಯಾಲಯಗಳು ಸೇರಿ 1995ರಲ್ಲಿ ಹೊರತಂದ 'ಉಪ್ಪಾಲ್' ಎಂಬ ತಂತ್ರಾಂಶ, ವೇಳೆ ತಪ್ಪಿದರೆ ಅಪಾಯವಾಗುವ ವ್ಯವಸ್ಥೆಗಳನ್ನು ಮೊದಲೇ ಪರೀಕ್ಷಿಸಿ ನೋಡುತ್ತದೆ. ಎರಡೂ ಊರಿನ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿದ ಹೆಸರು. ಹೆಸರಿನಲ್ಲೂ ಜಿಪುಣತನ, ಇವರ ಸ್ವಭಾವವೇ ಹಾಗೆ!

ಹಾಗಾದರೆ ಸಮಿತಿಯ ಸಲಹೆಗೆ ನಮ್ಮ ಉತ್ತರವೇನು? ಗಣಕ ಕೊಡುವುದು ಬೇಡ. ಆ ಹಣದಿಂದ ಒಂದು ತಾಲ್ಲೂಕಿನ ಹತ್ತು ಮಂದಿ ಗಣಿತ ಮತ್ತು ಕನ್ನಡ ಮೇಷ್ಟ್ರುಗಳನ್ನು ಬೇಸಿಗೆ ರಜೆಯಲ್ಲಿ ಒಂದು ವಾರ ಒಟ್ಟಿಗೆ ಕೂರಿಸೋಣ. ಊಟ, ವಸತಿ, ಬಸ್ ಚಾರ್ಜು ನಮ್ಮದು. ಅವರಿಗೆ ಕೊಡಲು ಹನ್ನೆರಡು ಪಾಠಗಳ ಒಂದು ಕನ್ನಡ ಪುಸ್ತಿಕೆ ಬೇಕು. ರಂಗೋಲಿ, ಪ್ರಸ್ತಾರ, ಬಸ್ಸಿನ ವೇಳಾಪಟ್ಟಿ, ಪಡಿತರ ಚೀಟಿ, ಇಂಥವುಗಳಿಂದ ಶುರುವಾಗುವ ಪಾಠಗಳು. ಬರೆಯಬೇಕಾದವರು ಈ ಸಭಾಂಗಣದಲ್ಲೇ ಇದ್ದೀರಿ. ಗಣಕ ಗೊತ್ತಿದ್ದವರು ಬರೆಯಿರಿ, ಕನ್ನಡ ನಾವು ತಿದ್ದುತ್ತೇವೆ. ಕಾಸರಗೋಡಿನ ಪುಸ್ತಕಗಳನ್ನು ತರಿಸಿ ಮುಂದಿಟ್ಟುಕೊಳ್ಳೋಣ, ಅವರಿಂದ ಕಲಿಯಲು ನಾಚಿಕೆಯೇನಿಲ್ಲ.

ಅದೇ ಪಾಠಗಳು ಇಲ್ಲಿಯೂ ಬೇಕು. ಈ ದೇಶದ ಕಾನೂನಿನಲ್ಲಿ ತಾಯ್ನುಡಿಯ ಪಾಠ ಮಕ್ಕಳ ಹಕ್ಕು. 1977ರ ಸುಧಾರಣೆಯಿಂದ ಬಂದದ್ದು. ಮನೆಯಲ್ಲಿ ದಿನನಿತ್ಯ ಕನ್ನಡ ಆಡುವ, ಒಂದಿಷ್ಟು ಕನ್ನಡ ಬಲ್ಲ ಐದು ಮಕ್ಕಳು ಒಂದು ನಗರಸಭೆಯ ವ್ಯಾಪ್ತಿಯಲ್ಲಿ ಕೇಳಿಕೊಂಡರೆ, ಯೋಗ್ಯ ಶಿಕ್ಷಕರು ಸಿಕ್ಕಿದರೆ, ನಗರಸಭೆ ವ್ಯವಸ್ಥೆ ಮಾಡಬೇಕು. ಹೊಸದಾಗಿ ಬಂದು ಸ್ವೀಡಿಷ್ ಬಾರದೆ ತೊಳಲಾಡುವ ಮಗುವಿಗೆ ಗಣಿತವನ್ನೂ ಕ್ರಮವಿಧಿಯನ್ನೂ ಅದರ ತಾಯ್ನುಡಿಯಲ್ಲೇ ಬಿಡಿಸಿ ಹೇಳುವ ಏರ್ಪಾಡೂ ಇದೆ. ಆದರೆ ಹಾಗೆ ಕನ್ನಡದಲ್ಲಿ ಹೇಳಬಲ್ಲವರು ಯಾರು? ಪುಟ್ಟಿಯ ಅಮ್ಮ ಹೇಳಬಲ್ಲರೆ? 2014ರಲ್ಲಿ ಆ ಶಾಲೆಯ ಬಾಗಿಲಲ್ಲಿ ನಾವು ಹೇಳಬಲ್ಲೆವಾಗಿದ್ದೆವೆ?

ನಮ್ಮೂರಿನ ಕರೊಲಿನಾ ಗ್ರಂಥಾಲಯದಲ್ಲಿ ಬೆಳ್ಳಿ ಬೈಬಲ್ ಎಂಬ ಹಸ್ತಪ್ರತಿ ಇದೆ, ನೀವೆಲ್ಲ ನೆಂಟರನ್ನು ಕರೆದುಕೊಂಡು ಹೋಗಿ ತೋರಿಸಿದ್ದೀರಿ. ಆರನೆಯ ಶತಮಾನದ್ದು, ನೇರಳೆ ಬಣ್ಣದ ಹಾಳೆಯ ಮೇಲೆ ಬೆಳ್ಳಿಯ ಅಕ್ಷರ. ಗಾಥಿಕ್ ಭಾಷೆ. ಅದನ್ನು ಆಡುವವರು ಈಗ ಯಾರೂ ಇಲ್ಲ, ಪುಸ್ತಕ ಮಾತ್ರ ಗಾಜಿನ ಪೆಟ್ಟಿಗೆಯಲ್ಲಿ ಬಹಳ ಜೋಪಾನವಾಗಿದೆ. ಅದನ್ನು ನೋಡಿದಾಗಲೆಲ್ಲ ನಮಗೆ ಗವಸು ಹೊದ್ದ ಆ ಆರು ಗಣಕಗಳ ನೆನಪಾಗುತ್ತದೆ.

ಹನ್ನೆರಡು ಪಾಠಗಳ ಪಟ್ಟಿಯನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಒಂದೊಂದರ ಮುಂದೆ ಒಂದು ಖಾಲಿ ಗೆರೆ ಇದೆ, ಹೆಸರು ಬರೆಯಲು. ಎರಡನೆಯ ಪಾಠದ ಮುಂದೆ ಪುಟ್ಟಿಯ ಅಜ್ಜಿ ಆಗಲೇ ಬರೆದಾಗಿದೆ. ಅಡುಗೆಯ ಕಡೆಯಿಂದ ಬಿಸಿಬೇಳೆಬಾತ್ ತಣ್ಣಗಾಗುತ್ತಿದೆ ಎಂದು ಸನ್ನೆ ಬರುತ್ತಿದೆ. ಊಟಕ್ಕೆ ಮುಂಚೆ ಒಮ್ಮೆ ಆ ಮೇಜಿನ ಬಳಿ ಹೋಗಿ ಬನ್ನಿ.